ಒಂದು ಕೈ ಕಡಿಮೆ

ಅಕ್ಟೋಬರ್ 9

ತಂಗೀ,

ಈ ಸಲ ನೀನು ಪಂದ್ಯಕ್ಕೆ ಬರದೆ ಇದ್ದದ್ದೇ ಒಳ್ಳೆಯದಾಯಿತು. ನಿನ್ನ ಗಂಡ ಮನೆಗೆ ಬಂದು ಏನು ಹೇಳಿದನೋ, ಎಷ್ಟು ಹೇಳಿದನೋ. ನನ್ನ ಮೈದುನನನ್ನು ನಾನು ಅವನಿಗೆ ಮೀಸೆ ಚಿಗುರುವ ಕಾಲದಿಂದ ಬಲ್ಲೆ. ಕೋಪ ಬಂದರೆ ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಅದಕ್ಕೇ ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿಲ್ಲ. ಮುಖಕ್ಕೆ ಅಡ್ಡವಾಗಿ ಪೇಪರ್ ಹಿಡಿದುಕೊಂಡಿದ್ದಾರೆ, ಹಾಳೆ ಮಾತ್ರ ಮಗುಚುತ್ತಿಲ್ಲ.

ಬೆಳಿಗ್ಗೆ ಅಳತೆಯ ಹೊತ್ತಿಗೆ ದೋಣಿಗಳೆಲ್ಲ ಮರಳಿನ ಮೇಲೆ ಸಾಲಾಗಿ ನಿಂತಿದ್ದವು. ಎಲ್ಲವೂ ಮಾವನವರು ಬರೆದ ನಕ್ಷೆಯ ಜೋಡಿದೋಣಿಗಳೇ, ಎರಡೆರಡು ಒಡಲು, ನಡುವೆ ಅಡ್ಡತೊಲೆ. ಅದರಲ್ಲಿ ನಿಮ್ಮ ಹೊಸದು ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವರ ಹಾಗೆ ಬೇರೆಯಾಗಿ ಕಾಣುತ್ತಿತ್ತು. ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ. ಬಣ್ಣ ಬಳಿದದ್ದು ನೀನು ಅಂತ ದೂರದಿಂದಲೇ ಗೊತ್ತಾಯಿತು. ನಿನ್ನ ಭಾವ ತೂಕ ಹಾಕಿದರು, ಸರಿಯಿತ್ತು. ಉದ್ದ ಅಗಲ ನೋಡಿದರು, ಅದೂ ಸರಿಯಿತ್ತು. ಸಹಿ ಹಾಕಲು ಪೆನ್ನನ್ನೂ ತೆಗೆದರು. ಆಮೇಲೆ ಏನನ್ನಿಸಿತೋ, ಯಾರದೋ ಮನೆಯ ಬಾಗಿಲು ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ಒಡಲನ್ನು ಒಮ್ಮೆ ತಟ್ಟಿದರು. ಪಕ್ಕದ ದೋಣಿಯನ್ನೂ ತಟ್ಟಿದರು. ಮತ್ತೆ ನಿಮ್ಮದನ್ನು.

"ಒಳಗೆ ಒಂಚೂರು ಉಜ್ಜಿ ನೋಡ್ಲೇನೋ?" ಅಂದರು ತಮ್ಮನಿಗೆ.

"ನೋಡು. ಅಳತೆಗಾರ ಅಂತ ನಿನ್ನನ್ನ ನಿಲ್ಲಿಸಿರೋದೇ ಅದಕ್ಕಲ್ವಾ?"

ಮುಚ್ಚಳ ತೆಗೆದು, ಒಳಮೈಯಲ್ಲಿ ಉಗುರಿನಷ್ಟು ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಕರೆಂಟ್ ನೋಡುವ ಮೀಟರಿನ ಎರಡು ಮುಳ್ಳುಗಳನ್ನು ಅಲ್ಲಿ ಒತ್ತಿದರು. ಮರವಾಗಿದ್ದರೆ ಮೀಟರ್ ಸುಮ್ಮನಿರುತ್ತದೆ. ಈಗೀಗ ಮರದ ಬದಲು ಹಾಸುವ ಕಾರ್ಬನ್ ಬಟ್ಟೆ ತಂತಿಯ ಹಾಗೆ ಕರೆಂಟ್ ಹಾಯಿಸುತ್ತದಂತೆ. ಕುಂಯ್ ಅಂತ ಕೂಗಿತು. ಅಷ್ಟು ಜನ ನಿಂತಿದ್ದ ದಡದಲ್ಲಿ ಅದೊಂದೇ ಸದ್ದು.

"ತೂಕ ಸರಿ ಇದೆ, ಅಳತೆ ಸರಿ ಇದೆ," ಅಂದ ಮೈದುನ. "ನಿಯಮದಲ್ಲಿ ಅಪ್ಪ ಬರೆದಿರೋದೇನು? ಮರದ ಹಲಗೆ ಅಥವಾ ಅದಕ್ಕೆ ಸಮನಾದದ್ದು. ಇದು ಸಮ ಅಲ್ವಾ?"

"ಸಮ ಅಂದ್ರೆ ಮಿಗಿಲು ಅಂತಲ್ಲ ಕಣೋ. ಯಾರು ಬೇಕಾದ್ರೂ ಮನೆ ಹಿಂದೆ ಕೂತು ಕಟ್ಟಿಕೊಳ್ಳೋ ಹಾಗಿರ್ಲಿ ಅಂತ ಅಪ್ಪ ಬರೆದದ್ದು."

"ಅಪ್ಪನ ಕಾಲದಲ್ಲಿ ಈ ಬಟ್ಟೆ ಎಲ್ಲಿತ್ತು? ಇದ್ದಿದ್ರೆ ಅವರೇ ಮೊದಲು ಹಾಕ್ತಿದ್ರು."

"ಅಪ್ಪನ್ನ ಕೇಳಿಕೊಂಡು ಬಂದ್ಯಾ?"

ಅಲ್ಲಿಂದ ಮುಂದಿನದನ್ನು ಬರೆಯಲಾರೆ. ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿದರು. ಪೆನ್ನು ಜೇಬಿಗೆ ಹೋಯಿತು. ಮೈದುನ ದೋಣಿಯನ್ನು ಟ್ರೇಲರಿಗೆ ಕಟ್ಟಿ ಊಟಕ್ಕೂ ಕೂರದೆ ಹೊರಟ. ನಾನು ಡಬ್ಬಿ ಹಿಡಿದುಕೊಂಡು ಕಾರಿನ ಹಿಂದೆ ಓಡಿದೆ. ಕಿಟಕಿ ಇಳಿಸಿ, "ಅತ್ತಿಗೆ, ನಿಮ್ಮ ಮೇಲೆ ನನಗೇನೂ ಇಲ್ಲ," ಅಂದು ತೆಗೆದುಕೊಂಡ.

ಅಣ್ಣ ತಮ್ಮ ಬೇಕಾದರೆ ಮಾತು ಬಿಡಲಿ. ಓರಗಿತ್ತಿಯರಾಗಿ ಈ ಮನೆ ಸೇರಿದ ನಮಗೆ ಅದರ ಉಸಾಬರಿ ಬೇಡ. ನೀನು ಅವನ ಪರ ವಾದ ಮಾಡಬೇಡ, ನಾನು ಇವರ ಪರ ಮಾಡುವುದಿಲ್ಲ. ಆ ಬಣ್ಣದ ಕೆಳಗೆ ಏನಿದೆ ಅಂತ ನಿನಗೆ ಗೊತ್ತೇ ಇದ್ದಿರಬೇಕು. ಹೇಳಿದರೆ ಕೇಳುತ್ತೇನೆ, ಹೇಳದಿದ್ದರೆ ಕೇಳುವುದಿಲ್ಲ.

ನಿನ್ನ ಅಕ್ಕ

ಅಕ್ಟೋಬರ್ 21

ಅಕ್ಕಾ,

ಹೇಳುತ್ತೇನೆ. ಆ ದೋಣಿಯ ಒಂದೊಂದು ಪದರವನ್ನೂ ಹಾಸಿದವಳು ನಾನೇ. ನಿನಗೆ ಹೇಳಿದ್ದರೆ ನೀನು ಭಾವನಿಂದ ಮುಚ್ಚಿಡಬೇಕಾಗುತ್ತಿತ್ತು. ನಿನಗೆ ಮುಚ್ಚಿಡಲು ಬರುವುದಿಲ್ಲ, ಮೂಗು ಕೆಂಪಾಗುತ್ತದೆ.

ನೀನು ನಮ್ಮ ಶೆಡ್ಡಿಗೆ ಬಂದು ಕಾಲವಾಯಿತು. ಈಗ ನೋಡಿದರೆ ಗುರುತು ಹಿಡಿಯಲಾರೆ. ಗರಗಸದ ಹೊಟ್ಟಿನ ವಾಸನೆಯೇ ಇಲ್ಲ. ಕಾರ್ಬನ್ ಬಟ್ಟೆ ಕಪ್ಪಗೆ, ಮೀನಿನ ಬೆನ್ನಿನ ಹಾಗೆ ಮಿಂಚುತ್ತದೆ, ಕತ್ತರಿಯನ್ನು ಎರಡೇ ದಿನಕ್ಕೆ ಮೊಂಡು ಮಾಡುತ್ತದೆ. ಅದನ್ನು ಅಚ್ಚಿನೊಳಗೆ ಹಾಸಿ, ರೆಸಿನ್ ಅಂಟು ಬಳಿದು, ರೋಲರಿನಿಂದ ಒತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಪಂಪಿನಿಂದ ಗಾಳಿ ಎಳೆಯಬೇಕು. ಹೊದಿಕೆ ಎಲ್ಲಾದರೂ ಸೋರಿದರೆ ಸಣ್ಣಗೆ ಸುಯ್ಯೆನ್ನುತ್ತದೆ. ಇವರಿಗೆ ಅದು ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಮಂಡಿಯೂರಿ ಹುಡುಕಿ ಅಂಟು ಒತ್ತುತ್ತೇನೆ.

ಮೊದಲ ಒಡಲನ್ನು ಅಚ್ಚಿನಿಂದ ಬಿಡಿಸಿದ ದಿನ ಇವರು ಅದನ್ನು ನನ್ನ ಹೆಗಲ ಮೇಲಿಟ್ಟರು. ನಾನೊಬ್ಬಳೇ ಹೊತ್ತುಕೊಂಡು ಅಂಗಳದಲ್ಲಿ ಒಂದು ಸುತ್ತು ಬಂದೆ ಅಕ್ಕಾ. ಎದುರು ಮನೆಯವರು ಚಪ್ಪಾಳೆ ತಟ್ಟಿದರು. ಕಡೆಗೆ ನಿಯಮದ ತೂಕ ಸರಿದೂಗಿಸಲು ಅದರೊಳಗೆ ಸೀಸದ ಗಟ್ಟಿ ತುಂಬಿದೆವು. ಹಗುರ ಮಾಡಲು ಅಷ್ಟು ಒದ್ದಾಡಿ ಮತ್ತೆ ಭಾರ ತುಂಬುವುದು! ನನಗೆ ನಗು ಬಂತು, ಇವರು ನಗಲಿಲ್ಲ. ಆದರೂ ಅಲೆಗೆ ಸಿಕ್ಕಿ ತಿರುಚಿಕೊಳ್ಳದ ಒಡಲು ಅದು. ಅದರ ಓಟವೇ ಬೇರೆ.

ಜನವರಿಯ ಸಂಘದ ಸಭೆಯಲ್ಲಿ ನಿಯಮ ಬದಲಿಸಿ ಎಂದು ಇವರು ಕೇಳುವವರಿದ್ದಾರೆ. ತಮ್ಮ ಎತ್ತರ ತೂಕಕ್ಕೆ ತಕ್ಕಂತೆ ದೋಣಿ ಕಟ್ಟಿಸಿಕೊಳ್ಳಲು ಮೂವರು ಕಾದಿದ್ದಾರೆ. "ಪಂದ್ಯಕ್ಕೆ ಬಿಡದ ದೋಣಿ ಕಟ್ಟಿಸಿ ಮೀನು ಒಣಗಿಸ್ಲಾ?" ಅಂತ ಒಬ್ಬರು ಕೇಳಿದರಂತೆ.

ನನ್ನದೊಂದು ಬೇಡಿಕೆ. ಈ ಸಲ ಹಳೆಯ ಹಾಯಿ ಕಟ್ಟಿ ಕಳಿಸಿದ್ದೆ. ಹೊಸ ದೋಣಿಗೆ ಹಾಯಿ ನೀನೇ ಹೊಲಿಯಬೇಕು. ಬೇರೆಯವರು ಹೊಲಿದದ್ದನ್ನು ನಾನು ಕಟ್ಟಲಾರೆ.

ನಿನ್ನ ಜಾಣ ತಂಗಿ

ನವೆಂಬರ್ 17

ತಂಗೀ,

ಹಾಯಿ ಮುಗಿಯಿತು. ಲಾರಿ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ.

ಹೊಲಿಯುವುದೇನೋ ಕಷ್ಟವಾಗಲಿಲ್ಲ. ಮಂಚ ಎತ್ತಿ ಗೋಡೆಗೆ ಒರಗಿಸಿ ಬಟ್ಟೆಯನ್ನು ಕಿಟಕಿಯಿಂದ ಬಾಗಿಲವರೆಗೆ ಹರಡಿದ್ದೆ. ನಿನ್ನ ಭಾವ ಸ್ನಾನಕ್ಕೆ ಹೋಗಬೇಕೆಂದರೆ ಅದನ್ನು ದಾಟಿಯೇ ಹೋಗಬೇಕು. ಎರಡು ದಿನ ನೋಡಿದರು. ಮೂರನೆಯ ದಿನ ಕನ್ನಡಕ ಹಾಕಿಕೊಂಡು ಬಂದು ಮಿಷಿನ್ನಿನ ಆಚೆ ಬದಿ ಕೂತರು. ನಾನು ಹೊಲಿದು ಬಿಟ್ಟ ಹಾಗೆಲ್ಲ ಬಟ್ಟೆ ಸುಕ್ಕಾಗದಂತೆ ಅತ್ತ ಎಳೆದುಕೊಡುತ್ತ ಹೋದರು. ಯಾರದ್ದು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಮೂಗು ಎಷ್ಟು ಕೆಂಪಾಗಿತ್ತೋ.

ಸಭೆಯ ಸುದ್ದಿ ಇಲ್ಲಿ ಎಲ್ಲರ ಬಾಯಲ್ಲಿದೆ. ನಮ್ಮ ನರ್ಸಮ್ಮ ಗೊತ್ತಲ್ಲ, ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಅಡುಗೆಮನೆಯ ಹಿಂದಿನ ಶೀಟಿನ ಕೆಳಗೆ ತನ್ನ ದೋಣಿ ತಾನೇ ಕಟ್ಟಿಕೊಂಡವರು. ಮೊನ್ನೆ ಬಂದು ಕೂತರು. ಚಹಾ ಆರಿಹೋಯಿತು, ಕುಡಿಯಲಿಲ್ಲ. "ನನ್ನ ಕೈಗೆ ಬಗ್ಗೋದು ಮರ ಒಂದೇ ಕಣ್ರೀ. ನಾಳೆ ಕಾರ್ಬನ್ ಬಂತು ಅಂದ್ರೆ ನನ್ನ ದೋಣೀಲಿ ಹೂವಿನ ಗಿಡ ನೆಡಬೇಕು ಅಷ್ಟೇ," ಅಂದರು. ನಗಿಸಲೆಂದೇ ಅಂದದ್ದು. ನಗು ಬರಲಿಲ್ಲ.

ದೋಣಿಗೊಂದು ಮತ. ಬದಲಾವಣೆಗೆ ಮೂರರಲ್ಲಿ ಎರಡು ಪಾಲು ಕೈ ಏಳಬೇಕು. ಅಳತೆಗಾರರಿಗೆ ಮತವಿಲ್ಲ. ನಮ್ಮ ದೋಣಿಯನ್ನು ಮಾವನವರು ನನ್ನ ಹೆಸರಿಗೆ ಬರೆದಿದ್ದರಿಂದ ಈ ಮನೆಯ ಕೈ ನನ್ನದು. ಅದರ ಬಗ್ಗೆ ಮಾತ್ರ ನೀನು ಕೇಳಬೇಡ. ಇವರು ಕೂಡ ಕೇಳಿಲ್ಲ.

ಅಕ್ಕ

ಡಿಸೆಂಬರ್ 28

ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಬೆರಳುಗಳಿಗೆ ಬಟ್ಟೆ ಸುತ್ತಿದೆ. ಹಾಯಿ ಬಂತು, ಏರಿಸಿ ನೋಡಿದೆವು, ಕೈಯಲ್ಲಿ ಸವರಿದ ಹಾಗೆ ಕೂತಿದೆ.

ಮೊದಲು ಮಣಿಕಟ್ಟಿನಲ್ಲಿ ಬರೀ ತುರಿಕೆಯಿತ್ತು. ಆಮೇಲೆ ಗುಳ್ಳೆಗಳೆದ್ದವು. ಈಗ ಬೆರಳ ಸಂದಿಗಳು ಒಡೆದು ಮುಷ್ಟಿ ಕಟ್ಟಲಾಗುತ್ತಿಲ್ಲ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿದವಳು ನಾನು. ವೈದ್ಯೆ ಕೈ ನೋಡಿದ ಕೂಡಲೇ, "ನೀವು ರೆಸಿನ್ ಕೆಲಸ ಮಾಡ್ತೀರಾ?" ಅಂದರು. "ಇದು ಒಂದು ಸಲ ಮೈಗೆ ತಿರುಗಿಬಿತ್ತು ಅಂದ್ರೆ ಮತ್ತೆ ಒಗ್ಗೋದಿಲ್ಲ. ಎಷ್ಟು ದಿನ ಮುಟ್ತೀರೋ ಅಷ್ಟು ಜಾಸ್ತಿ ಆಗುತ್ತೆ. ಬೇರೆ ಕೆಲಸ ನೋಡ್ಕೊಳ್ಳಿ."

ಬೇರೆ ಕೆಲಸ! ಒಡಲನ್ನು ಅಚ್ಚಿನಿಂದ ಬಿಡಿಸುವಾಗ ಬರುವ ಆ ಚಟಕ್ ಶಬ್ದವನ್ನು ಅವರು ಕೇಳಿಲ್ಲ.

ಇವರಿಗೆ ಪೂರ್ತಿ ಹೇಳಿಲ್ಲ. ಹೇಳಿದರೆ ನಾಳೆಯೇ ಶೆಡ್ಡಿಗೆ ಬೀಗ ಹಾಕಿಬಿಡುತ್ತಾರೆ. ನಿಯಮ ಬದಲಾದರೆ ಆ ಮೂರು ದೋಣಿ ನಮಗೆ ಬರುತ್ತವೆ, ರೆಸಿನ್ನಿಗೆ ಒಬ್ಬರನ್ನು ಇಟ್ಟುಕೊಳ್ಳಬಹುದು. ನಾನು ಆಚೆ ಕೋಣೆಯಲ್ಲಿ ಒಣ ಬಟ್ಟೆ ಕತ್ತರಿಸಿಕೊಂಡಿರುತ್ತೇನೆ. ಬದಲಾಗದಿದ್ದರೆ ಹಳೆಯ ದೋಣಿಗಳ ತೇಪೆ ಕೆಲಸವೇ ಗತಿ, ಅದರ ರೆಸಿನ್ನಿಗೆ ನಾನೇ.

ಕೇಳಬೇಡ ಅಂದಿದ್ದೆ ನೀನು. ಕೇಳುತ್ತಿದ್ದೇನೆ. ಈ ಒಂದು ಸಲ ಕೈ ಎತ್ತು ಅಕ್ಕಾ. ಭಾವನಿಗೆ ನನ್ನ ಕೈಯ ವಿಷಯ ಹೇಳಬೇಡ.

ತಂಗಿ

ಜನವರಿ 18

ತಂಗೀ,

ನಿನ್ನ ಗಂಡನಿಂದ ನಿನಗೆ ಆಗಲೇ ಗೊತ್ತಾಗಿದೆ. ಆದರೂ ನಾನೇ ಬರೆಯಬೇಕು.

ದೋಣಿಮನೆಯಲ್ಲಿ ಸಭೆ ಸೇರಿತ್ತು. ಹೀಟರ್ ಹಚ್ಚಿದ್ದರೂ ಕಾಲು ಕೊರೆಯುತ್ತಿತ್ತು. ನಿನ್ನ ಗಂಡ ಚೆನ್ನಾಗಿ ಮಾತಾಡಿದ. ಕೂಗಾಡಲಿಲ್ಲ. ಒಡಲಿನ ಒಂದು ತುಂಡನ್ನು ಕೈಯಿಂದ ಕೈಗೆ ಕೊಟ್ಟ, ಎಲ್ಲರೂ ಬಗ್ಗಿಸಲು ನೋಡಿದರು, ಬಗ್ಗಲಿಲ್ಲ. ನಿನ್ನ ಭಾವ ಎದ್ದು, "ಇದು ಒಳ್ಳೆ ವಸ್ತು, ನಾನು ಅಲ್ಲ ಅನ್ನಲ್ಲ. ಆದ್ರೆ ಇದನ್ನ ಅಡುಗೆಮನೆ ಹಿಂದೆ ಕಟ್ಟೋಕಾಗಲ್ಲ," ಅಂದು ಕೂತರು. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನನ್ನ ಪಕ್ಕ ನರ್ಸಮ್ಮ ಕೂತಿದ್ದರು. ಪಾಳಿಯಿಂದ ನೇರ ಬಂದಿದ್ದರು, ಕೋಟಿನೊಳಗೆ ಆಸ್ಪತ್ರೆಯ ಸಮವಸ್ತ್ರ. ಕೈ ಎತ್ತಿ ಅಂದಾಗ ಅವರು ಕಣ್ಣು ಮುಚ್ಚಿಕೊಂಡರು. ಎಣಿಸಿದರು. ನಿನ್ನ ಗಂಡ ಮತ್ತೊಮ್ಮೆ ಎಣಿಸಿ ಅಂದ. ಮತ್ತೊಮ್ಮೆ ಎಣಿಸಿದರು. ಒಂದು ಕೈ ಕಡಿಮೆ.

ಆ ಒಂದು ಕೈ ನನ್ನ ಮಡಿಲಲ್ಲಿತ್ತು.

ನಿನ್ನ ಕೈ ಮರೆತೆ ಅಂದುಕೊಳ್ಳಬೇಡ. ಅಲ್ಲಿ ಕೂತಷ್ಟು ಹೊತ್ತೂ ಅದನ್ನೇ ನೆನೆಯುತ್ತಿದ್ದೆ. ನಿನ್ನ ಭಾವ ನನ್ನತ್ತ ಒಂದು ಸಲವೂ ತಿರುಗಲಿಲ್ಲ. ತಿರುಗಿ ಕಣ್ಣು ಬಿಟ್ಟಿದ್ದರೆ ಬಹುಶಃ ಎತ್ತಿಬಿಡುತ್ತಿದ್ದೆ. ಯಾಕೆ ಎತ್ತಲಿಲ್ಲ ಅಂತ ಒಂದು ಪುಟ ಬರೆದೆ, ಓದಿದರೆ ಯಾರೋ ವಕೀಲರು ಬರೆದ ಹಾಗಿತ್ತು, ಹರಿದುಹಾಕಿದೆ.

ರೆಸಿನ್ ಬಿಟ್ಟುಬಿಡು ತಂಗೀ. ನಿನ್ನ ಗಂಡನಿಗೆ ಪೂರ್ತಿ ಹೇಳು. ಇಲ್ಲಿಗೆ ಬಂದು ಸ್ವಲ್ಪ ದಿನ ಇರು. ನಿನಗೆ ಹಾಯಿ ಹೊಲಿಯಲು ಕಲಿಸುತ್ತೇನೆ, ಸೂಜಿಯಿಂದ ಮೈಗೆ ತೊಂದರೆಯಿಲ್ಲ.

ಉತ್ತರ ಕಾಯುತ್ತಿರುವ

ಅಕ್ಕ

ಫೆಬ್ರವರಿ 26

ಅಕ್ಕನವರಿಗೆ ನಮಸ್ಕಾರ.

ನಾವು ಕ್ಷೇಮ. ನೀವೂ ಭಾವನವರೂ ಕ್ಷೇಮವೆಂದು ಭಾವಿಸಿದ್ದೇನೆ.

ನಿಮ್ಮ ಮೈದುನ ಇನ್ನು ಮುಂದೆ ಸಂಘದ ಪಂದ್ಯಗಳಿಗೆ ಬರುವುದಿಲ್ಲ. ಯಾವ ನಿಯಮವೂ ಇಲ್ಲದ ಮುಕ್ತ ಪಂದ್ಯಗಳಿಗೆ ಹೋಗುತ್ತಾರೆ. ದೋಣಿಯಿಂದ ಸೀಸ ತೆಗೆದು ಎತ್ತರದ ಹಾಯಿಕಂಬ ನಿಲ್ಲಿಸುವ ಕೆಲಸ ನಡೆದಿದೆ. ನೀವು ಹೊಲಿದ ಹಾಯಿ ಆ ಕಂಬಕ್ಕೆ ಚಿಕ್ಕದಾಗುತ್ತದೆ. ಇಲ್ಲಿಯೇ ಒಬ್ಬರಿಂದ ಬೇರೆ ಹೊಲಿಸಿದ್ದೇವೆ. ನಿಮ್ಮದನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮಡಿಸಿ ಕಳಿಸಿದ್ದೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕೈ ವಾಸಿಯಾಗುತ್ತಿದೆ. ವಿಚಾರಿಸಿದ್ದಕ್ಕೆ ಧನ್ಯವಾದ.

ನಿಮ್ಮ ಓರಗಿತ್ತಿ

ಮಾರ್ಚ್ 12

ತಂಗೀ,

ಹಾಯಿ ತಲುಪಿತು. ಒಂದು ಮಡಿಕೆಯೂ ಆಚೀಚೆಯಾಗದ ಹಾಗೆ ಮಡಿಸಿದ್ದೀಯ, ಆ ಕೈಯಲ್ಲಿ.

ಮದುವೆಯಾಗಿ ಬಂದ ವಾರದಲ್ಲೇ ನನ್ನನ್ನು ನೀನು ಅಂದವಳು ಈಗ ನೀವು ಅಂದಿದ್ದೀಯ. "ಏನಂತೆ?" ಅಂತ ನಿನ್ನ ಭಾವ ಕೇಳಿದರು. "ಕ್ಷೇಮವಂತೆ," ಅಂದೆ.

ಕೈ ವಾಸಿಯಾಗುತ್ತಿದೆ ಅಂದರೆ ಕೆಲಸ ಬಿಟ್ಟಿದ್ದೀಯಾ? ಒಂದು ಸಾಲು ಬರೆ. ಬೈದು ಬರೆದರೂ ಆಗಬಹುದು.

ಅಕ್ಕ

ಜುಲೈ 6

ಅಕ್ಕನವರಿಗೆ,

ನಿಮ್ಮ ಮಾರ್ಚಿನ ಪತ್ರಕ್ಕೆ ಉತ್ತರಿಸಲಾಗಲಿಲ್ಲ. ಭಾವ ಬಂದು ಹೋದದ್ದಕ್ಕೆ ಕೃತಜ್ಞತೆ ಹೇಳಲು ಬರೆಯುತ್ತಿದ್ದೇನೆ.

ಅವರು ನಿಮಗೆ ಎಲ್ಲವನ್ನೂ ಹೇಳಿರುತ್ತಾರೆ. ಮುಕ್ತ ಪಂದ್ಯದಲ್ಲಿ ಇವರದ್ದೇ ಮುಂದಿತ್ತು. ದಡದಿಂದ ನೋಡುತ್ತಿದ್ದವರು ಅಷ್ಟು ವೇಗದ ದೋಣಿಯನ್ನೇ ನೋಡಿಲ್ಲ ಅಂದರು. ಹಿಂದೆ ಬರುತ್ತಿದ್ದವರು ಎಲ್ಲೋ ಇದ್ದರು. ಯಾರ ಜೊತೆ ಸ್ಪರ್ಧೆ ಅಂತಲೇ ತಿಳಿಯುತ್ತಿರಲಿಲ್ಲ. ಒಂದು ದೊಡ್ಡ ಅಲೆ ಇಳಿಯುವಾಗ ಮುಂದಿನ ಅಡ್ಡತೊಲೆ ಒಡಲಿಗೆ ಸೇರುವ ಜಾಗ ಬಾಯಿಬಿಟ್ಟು ಎಡಗಡೆಯ ಒಡಲು ಕಳಚಿಕೊಂಡಿತು. ಇವರು ಇನ್ನೊಂದನ್ನು ತಬ್ಬಿಕೊಂಡು ಕಾವಲು ದೋಣಿ ಬರುವವರೆಗೆ ನೀರಿನಲ್ಲಿದ್ದರು. ಪಕ್ಕೆಗೆ ಪೆಟ್ಟಾಗಿದೆ, ಬೇರೇನೂ ಇಲ್ಲ.

ದಡಕ್ಕೆ ತಂದು ಕೂರಿಸಿದಾಗ ಹಲ್ಲು ಕಟಕಟ ಅನ್ನುತ್ತಿತ್ತು. "ಅಣ್ಣಂಗೆ ಫೋನ್ ಮಾಡು," ಅಂದರು. ಅಷ್ಟು ತಿಂಗಳು ಆ ಹೆಸರೆತ್ತದವರು.

ಭಾವ ಕೆಲಸದ ಬಟ್ಟೆಯಲ್ಲೇ ಬಂದರು, ಒಬ್ಬರೇ. ಇವರನ್ನು ಹೇಗಿದ್ದೀಯ ಅಂತಲೂ ಕೇಳಲಿಲ್ಲ. ನೇರ ಮುರಿದ ಒಡಲಿನ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಇಲ್ಲಿ ಎರಡು ಪದರ ಕಮ್ಮಿ ಬಿದ್ದಿದೆಯಲ್ಲೋ."

"ತೂಕ ಉಳಿಸೋಣ ಅಂತ."

"ಯಾರಿಗೆ ಉಳಿಸ್ತೀಯ? ನಿನ್ನ ತೂಕ ನೋಡೋಕೆ ಈಗ ನಾನೆಲ್ಲಿದ್ದೀನಿ?"

ಇವರು ಪಕ್ಕೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕರು. ಅಷ್ಟೇ, ಮುಗಿಯಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಇಬ್ಬರೂ ಕೈ ತೊಳೆಯದೆ ಊಟಕ್ಕೆ ಕೂತು, ಬಟ್ಟಲು ಚಮಚ ಇಟ್ಟು ದೋಣಿ ಮಾಡಿಕೊಂಡು ವಾದಿಸುತ್ತಿದ್ದರು. ನಾನು ಬಡಿಸಿದೆ.

ಏಪ್ರಿಲ್‌ವರೆಗೆ ನಾನು ರೆಸಿನ್ ಮುಟ್ಟಿದೆ. ಆಮೇಲೆ ಮುಖವೂ ಊದಿತು. ಹೊಸ ಕಂಬಕ್ಕಾಗಿ ಆ ಜಾಗ ಗಟ್ಟಿ ಮಾಡುವ ಹೊತ್ತಿಗೆ ನಾನು ಶೆಡ್ಡಿನೊಳಗೆ ಕಾಲಿಡುವಂತಿರಲಿಲ್ಲ, ಇವರೊಬ್ಬರೇ ಹಾಸಿದರು. ನಾನಿದ್ದಿದ್ದರೆ ಆ ಎರಡು ಪದರ ಬಿಡುತ್ತಿರಲಿಲ್ಲ. ಈಗ ದಾಟುದೋಣಿಯ ಕಟ್ಟೆಯಲ್ಲಿ ಟಿಕೆಟ್ ಕೊಡುತ್ತೇನೆ. ಕಿಟಕಿ ಚಿಕ್ಕದು, ಜನರ ಮುಖ ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ.

ನಿಮ್ಮ ಓರಗಿತ್ತಿ

ಜುಲೈ 20

ತಂಗೀ,

ಫೋನ್ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ದನಿ ಅಷ್ಟು ದೂರದಿಂದಲೂ ಕೇಳಿಸಿತು. ನಿನ್ನ ಭಾವ ಶೂ ಹಾಕಿಕೊಳ್ಳುವಷ್ಟರಲ್ಲಿ ನಾನೂ ಎರಡು ಸೀರೆ ಚೀಲಕ್ಕೆ ತುರುಕಿದ್ದೆ. "ನೀನೂ ಬರ್ತೀಯೇನೆ?" ಅಂದರು. ನೀನು ಕರೆದದ್ದು ಅವರನ್ನು. "ನೀವು ಹೋಗಿ ಬನ್ನಿ," ಅಂದೆ. ಕಾರು ತಿರುವು ದಾಟಿದ ಮೇಲೆ ಸೀರೆಗಳನ್ನು ಮತ್ತೆ ಬೀರುವಿನಲ್ಲಿಟ್ಟೆ.

ಈಗ ಅವರು ರಜೆ ಸಿಕ್ಕಿದಾಗಲೆಲ್ಲ ನಿಮ್ಮಲ್ಲೇ ಇರುತ್ತಾರೆ. ತೋಳಿನ ಮಡಿಕೆಯಲ್ಲಿ ಕಪ್ಪು ಪುಡಿ ತುಂಬಿಕೊಂಡು ಬರುತ್ತಾರೆ. ಕಾರ್ಬನ್ ಹಾಗೆ, ಕಾರ್ಬನ್ ಹೀಗೆ ಅಂತ ಊಟದ ಮಧ್ಯೆ ವರ್ಣನೆ. ಹೊಸದಾಗಿ ಮದುವೆಯಾದವರು ಕೂಡ ಇಷ್ಟು ಮಾತಾಡುವುದಿಲ್ಲ. ನಾನು ಕೇಳುತ್ತಾ ಕೂರುತ್ತೇನೆ. ನಿನ್ನ ಬಗ್ಗೆ ಕೇಳಿದರೆ, "ಚೆನ್ನಾಗಿದ್ದಾಳೆ," ಅನ್ನುತ್ತಾರೆ. ಗಂಡಸರ ಕಣ್ಣಿಗೆ ಎದ್ದು ಓಡಾಡುವವರೆಲ್ಲ ಚೆನ್ನಾಗಿಯೇ ಇರುತ್ತಾರೆ.

ಅಕ್ಕ

ಜನವರಿ 20

ತಂಗೀ,

ಅರ್ಧ ವರ್ಷ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನಿನ್ನೆ ನಡೆದದ್ದನ್ನು ನಿನಗೆ ಬಿಟ್ಟು ಬೇರೆ ಯಾರಿಗೆ ಬರೆಯಲಿ?

ಈ ಸಲದ ಸಭೆಯಲ್ಲಿ ನಿಯಮ ಬದಲಿಸುವ ಸೂಚನೆ ತಂದವರು ನಿನ್ನ ಭಾವ. ಅವರೇ! "ಕಾರ್ಬನ್ ಬರಲಿ, ತೂಕ ಹಳೆಯದೇ ಇರಲಿ, ಅಚ್ಚು ಸಂಘದ್ದಾಗಲಿ, ಬೇಕಾದವರು ಬಂದು ಕಟ್ಟಿಕೊಳ್ಳಲಿ," ಅಂತ ಮಾತು. ನಿನ್ನ ಗಂಡ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ. ಅಣ್ಣ ತಮ್ಮ ಸೇರಿದರೆ ಎದುರು ಮಾತಾಡುವವರು ಯಾರು? ಯಾರಿಗೂ ಕೋಪವೇ ಬರಲಿಲ್ಲ. ಹೋದ ವರ್ಷ ಕೈ ಕಟ್ಟಿ ಕೂತವರು ಈ ವರ್ಷ ಚಹಾ ಯಾವಾಗ ಅಂತ ಬಾಗಿಲು ನೋಡುತ್ತಿದ್ದರು.

ಕೈ ಎತ್ತಿ ಅಂದಾಗ ನಾನು ಸುಮ್ಮನೆ ಕೂತಿದ್ದೆ. ನಿನ್ನ ಭಾವ ಮೊಣಕೈಯಿಂದ ತಿವಿದರು. "ಎತ್ತೇ, ಎತ್ತು. ಏನು ಯೋಚನೆ ಮಾಡ್ತಾ ಕೂತೆ?" ಅಂದರು.

ಎತ್ತಿದೆ.

ಎಷ್ಟು ಸುಲಭವಾಗಿ ಮೇಲೆದ್ದಿತು ಗೊತ್ತಾ? ಯಾರೂ ಅದನ್ನು ಎಣಿಸಲೂ ಇಲ್ಲ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಕೈಗಳಿದ್ದವು.

ಕೈ ಎತ್ತದೆ ಉಳಿದವರು ನರ್ಸಮ್ಮ ಒಬ್ಬರೇ. ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯುತ್ತಿದ್ದರು, ನಾನು ಹತ್ತಿರ ಹೋದೆ. "ಹೋದ ವರ್ಷ ನನ್ನ ಪಕ್ಕದಲ್ಲಿದ್ರಿ," ಅಂದರು. ಸಿಟ್ಟಿನಲ್ಲೇನೂ ಅನ್ನಲಿಲ್ಲ.

ಹೋದ ವರ್ಷ ಅವರಿಗಾಗಿ ನಿನ್ನನ್ನು ಬಿಟ್ಟೆ. ಈ ವರ್ಷ ಅವರನ್ನೂ ಬಿಟ್ಟೆ, ನಿನಗೂ ಅದರಿಂದ ಈಗ ಏನೂ ಇಲ್ಲ. ನಿನ್ನ ಭಾವ ಮನೆಗೆ ಬಂದು ಗೊರಕೆ ಹೊಡೆದು ಮಲಗಿದರು. "ಹೋದ ಸಲವೇ ನಾನು ಕೈ ಎತ್ತಿದ್ರೆ ಏನಾಗ್ತಿತ್ತು?" ಅಂತ ಬೆಳಿಗ್ಗೆ ಕೇಳಿದೆ. "ಹೋದ ಸಲ ನೀನು ಎತ್ತಿದ್ರೂ ನಾನೇನೂ ಅಂತಿರ್ಲಿಲ್ಲ ಬಿಡು," ಅಂದರು, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ.

ಅಕ್ಕ

ಏಪ್ರಿಲ್ 2

ಅಕ್ಕಾ,

ನೀನು ಬಂದು ಹೋಗಿ ವಾರವಾಯಿತು.

ಹೊಸ ನಿಯಮದ ಮೊದಲ ದೋಣಿಯನ್ನು ನೀರಿಗಿಳಿಸುವಾಗ ಇಬ್ಬರೂ ಎಷ್ಟು ಗಲಾಟೆ ಮಾಡಿದರು! ಯಾರು ಮೊದಲು ಹತ್ತಬೇಕು ಅಂತ ತಳ್ಳಾಟ. ಆ ವಯಸ್ಸಿನಲ್ಲಿ ಭಾವ ನೀರಿಗೆ ಬಿದ್ದರು, ಇವರು ಬಿದ್ದು ಬಿದ್ದು ನಕ್ಕರು. ಆ ದೋಣಿಯ ಒಂದು ಪದರವನ್ನೂ ನಾನು ಹಾಸಿಲ್ಲ. ಚೆನ್ನಾಗಿದೆ. ನಾನು ಹಾಸಿದ್ದಷ್ಟು ಚೆನ್ನಾಗಿಲ್ಲ, ಆದರೆ ಚೆನ್ನಾಗಿದೆ.

ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. "ಸಕ್ಕರೆ ಸಾಕಾ?" ಅಂದೆ. "ಸಾಕು," ಅಂದೆ ನೀನು. ನನ್ನ ಕೈ ನೋಡಿದೆ, ತಕ್ಷಣ ಕಿಟಕಿಯಾಚೆ ನೋಡಿದೆ. ನಿನ್ನ ಮೊಣಕಾಲಿನ ನೋವು, ನನ್ನ ಟಿಕೆಟ್ ಕಿಟಕಿ, ಎದುರು ಮನೆಯವರ ಹೊಸ ಸೊಸೆ, ಎಲ್ಲ ಮಾತಾಡಿದೆವು. ನೀನು ಕುಡಿದ ಲೋಟ ನೀನೇ ತೊಳೆದಿಟ್ಟೆ. ಬೆಳಿಗ್ಗೆ ನಾನು ಏಳುವ ಮೊದಲೇ ಹಾಸಿಗೆ ಮಡಿಸಿಟ್ಟಿದ್ದೆ, ಹೊದಿಕೆಯ ಅಂಚಿಗೆ ಅಂಚು ಕೂಡಿಸಿ, ಹೋಟೆಲಿನಲ್ಲಿ ಉಳಿದವರ ಹಾಗೆ. ಬಸ್ ನಿಲ್ದಾಣದಲ್ಲಿ ನಿಂತು ಬಸ್ಸು ಎಷ್ಟು ಹೊತ್ತಿಗೆ ಊರು ಮುಟ್ಟುತ್ತದೆ ಅಂತ ಮಾತಾಡಿದೆವು. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಬಸ್ಸು ಹೋದ ಮೇಲೆ ಮನೆಗೆ ಬಂದರೆ ಅವರಿಬ್ಬರೂ ಮೊದಲ ಮೀಟರ್ ಜಗಳದ ಕಥೆ ಹೇಳಿಕೊಂಡು ನಗುತ್ತಿದ್ದರು. "ಅಪ್ಪನ್ನ ಕೇಳಿಕೊಂಡು ಬಂದ್ಯಾ ಅಂತ ಕೇಳಿದ್ಯಲ್ಲಣ್ಣ, ಎಂಥಾ ಮಾತು ಅದು!" ಅಂತ ಇವರು, "ನೀನೇನು ಕಮ್ಮಿ ಕೂಗಿದ್ಯಾ?" ಅಂತ ಭಾವ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ನನಗೆ ಅಳು ಬಂತು ಅಕ್ಕಾ. ಅಷ್ಟು ಜನರ ಎದುರು ಬಾಯಿಗೆ ಬಂದದ್ದೆಲ್ಲ ಆಡಿಕೊಂಡರು ಅವರು. ಆಡಿ ಮುಗಿಸಿದರು. ನಾವು ಒಂದು ಮಾತನ್ನೂ ಆಡಲಿಲ್ಲ. ನಾನು ಹಾಯಿ ಮಡಿಸಿ ಕಳಿಸಿದೆ, ನೀನು ಹಾಸಿಗೆ ಮಡಿಸಿಟ್ಟು ಹೋದೆ.

ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಕಾಗದದ ಮೇಲೆ ಅದು ಸಣ್ಣದಾಗಿ ಕಾಣುತ್ತದೆ, ಅದಕ್ಕೇ ಬರೆಯುತ್ತಿಲ್ಲ. ಕೇಳಬೇಡ ಅಂದದ್ದನ್ನು ಕೇಳಿದಳಲ್ಲ, ಕೈ ತೋರಿಸಿ ನನ್ನನ್ನು ಕಟ್ಟಿಹಾಕಲು ನೋಡಿದಳಲ್ಲ ಅನ್ನುವ ಸಿಟ್ಟು ನಿನ್ನಲ್ಲೂ ಇದ್ದೀತು. ಇರಬೇಕು. ಇಲ್ಲದಿದ್ದರೆ ನೀನು ಅಷ್ಟು ಅಚ್ಚುಕಟ್ಟಾಗಿ ಹಾಸಿಗೆ ಮಡಿಸುತ್ತಿರಲಿಲ್ಲ.

ಮುಂದಿನ ಭಾನುವಾರ ನನಗೆ ರಜೆ. ಅವರಿಬ್ಬರೂ ದೋಣಿ ತೆಗೆದುಕೊಂಡು ದಿನವಿಡೀ ಹೋಗುತ್ತಾರಂತೆ. ನೀನು ಒಬ್ಬಳೇ ಬಾ. ಬಂದು ಕೂತು ಬೈ, ನಾನೂ ಬೈಯುತ್ತೇನೆ. ಲೋಟ ಒಡೆದರೆ ಒಡೆಯಲಿ. ಆಮೇಲೆ ಮೊದಲಿನ ಹಾಗಾಗುತ್ತೇವೆ ಅಂತ ನಾನು ಮಾತು ಕೊಡಲಾರೆ, ಆಗದೆಯೂ ಇರಬಹುದು.

ಉತ್ತರ ಬರೆಯಬೇಡ. ಬಸ್ಸು ಬರುವ ಹೊತ್ತಿಗೆ ನಾನು ನಿಲ್ದಾಣದಲ್ಲಿ ನಿಂತಿರುತ್ತೇನೆ. ನೀನು ಇಳಿದರೆ ಇಳಿದೆ.

ನಿನ್ನ ತಂಗಿ